ಬೇಗ ಎದ್ದ ಜಾಣೆ

ಬೊಂಗ್‌ಚಿ ಹುಟ್ಟಿದ ದಿನವೇ ಅವಳಪ್ಪ ಅವಳನ್ನು ಕಾಲುವೆಗೆ ಎಸೆಯಲು ಹೊರಟಿದ್ದ. ಐದನೆಯದೂ ಹೆಣ್ಣು ಎಂಬ ಸಿಟ್ಟು ಒಂದು ಕಡೆ, ಹೊಟ್ಟೆಯೊಳಗಿನ ಅಕ್ಕಿ ಸಾರಾಯಿ ಇನ್ನೊಂದು ಕಡೆ. ಕೂಸನ್ನು ಕಾಲು ಹಿಡಿದು ತಲೆಕೆಳಗು ಮಾಡಿಕೊಂಡು ಏರಿಯ ಮೇಲೆ ನಡೆದವನಿಗೆ ಅಡ್ಡ ನಿಂತವನು ಪಕ್ಕದ ಹೊಲದ ಚುಯ್‌ಲಾಯ್. ಆಗ ಅವನಿಗೆ ಇಪ್ಪತ್ತು ವರ್ಷ. "ಹೋಗ್ಲಿ ಬಿಡಣ್ಣ, ಸಾಕ್ಕೊಳ್ಳಿ" ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ, ಗುದ್ದಲಿಯ ಕಾವಿನಿಂದ ಮೊಣಕಾಲಿಗೆ ಬಾರಿಸಿದ. ಅಪ್ಪ ಕುಸಿದ, ಕೂಸು ಕೆಸರಿಗೆ ಬಿತ್ತು, ಬದುಕಿತು. ಹೆಸರು ಬರೆಸುವಾಗ ಅಪ್ಪ ಸೇಡು ತೀರಿಸಿಕೊಳ್ಳುವವನಂತೆ ಅದೇ ಮಾತನ್ನು ಬರೆಸಿದ. ಬೊಂಗ್‌ಚಿ ಎಂದರೆ ಅಷ್ಟೇ: ಹೋಗಲಿ, ಸಾಕಿಕೊಳ್ಳೋಣ. ನಮ್ಮ ತೈವಾನಿನಲ್ಲಿ ಬೇಡದ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರು ಅದು.

ಐವತ್ತೇಳು ವರ್ಷಗಳ ಮೇಲೆ ಅದೇ ಕಾಲುವೆಯಲ್ಲಿ, ಅದೇ ಏರಿಯ ಕೆಳಗೆ ಚುಯ್‌ಲಾಯ್‌ನನ್ನು ಹೊಡೆದು ಕೊಂದರು. ಆ ಹೊತ್ತಿಗೆ ಬೊಂಗ್‌ಚಿ ಏರಿಯ ಮೇಲೆ ನಿಂತು ಹುಟ್ಟುವ ಸೂರ್ಯನ ಫೋಟೋ ತೆಗೆಯುತ್ತಿದ್ದಳು. ನಾನು ಹೇಳಲು ಕೂತಿರುವುದು ಇದನ್ನೇ. ಇದರಲ್ಲಿ ನನ್ನ ಬಾಯಿಯ ಪಾಲೂ ಇದೆ, ಅದನ್ನು ಮುಚ್ಚಿಟ್ಟು ಒಳ್ಳೆಯವಳಾಗುವ ಆಸೆ ನನಗಿಲ್ಲ.

ನನ್ನ ಹೆಸರು ಪೋಚಾಯ್. ಯುನ್ಲಿನ್‌ನ ಕಡಲಂಚಿನಲ್ಲಿ ಬಾತುಕೋಳಿ ಕಡಿಯುವ ಕಾರ್ಖಾನೆಯೊಂದಿದೆ, ಅಲ್ಲಿ ಹದಿನೆಂಟು ವರ್ಷ ಅವಳ ಪಕ್ಕದಲ್ಲಿ ನಿಂತಿದ್ದೇನೆ. ನಾನು ಬಾತುಗಳನ್ನು ಕಾಲು ಹಿಡಿದು ಸರಿಯುತ್ತಿರುವ ಲೈನಿನ ಕೊಕ್ಕೆಗೆ ನೇತುಹಾಕುತ್ತೇನೆ, ಅವಳು ಕತ್ತು ಕೊಯ್ಯುತ್ತಾಳೆ. ನಿಮಿಷಕ್ಕೆ ಇಪ್ಪತ್ತು. ಬಿಸಿ ರಕ್ತ ಕೈಗವಸಿನೊಳಗೆ ಇಳಿದು ಮೊಣಕೈ ತನಕ ಅಂಟಿಕೊಳ್ಳುತ್ತದೆ. ಆ ಜಾಗಕ್ಕೆ ಬಂದ ಗಂಡಸರು ಆರು ತಿಂಗಳಿಗಿಂತ ಹೆಚ್ಚು ನಿಂತದ್ದನ್ನು ನಾನು ಕಂಡಿಲ್ಲ. ಒಬ್ಬನಂತೂ ಮಧ್ಯಾಹ್ನದ ಊಟಕ್ಕೆ ಮೊದಲೇ ಕಾಣೆಯಾದ. ನಿನಗೆ ಏನೂ ಅನ್ನಿಸೋದಿಲ್ವಾ ಎಂದು ಅವಳನ್ನು ಕೇಳಿದ್ದೆ. "ಅನ್ಸುತ್ತೆ. ಅದಕ್ಕೇ ಕೈ ನಡುಗ್ಬಾರ್ದು. ನಡುಗಿದ್ರೆ ಅವಕ್ಕೆ ಎರಡು ಸಲ ಸಾವು" ಎಂದಿದ್ದಳು.

ಗಂಡ ಬದುಕಿದ್ದಾಗ ವಾರಕ್ಕೆ ಮೂರು ದಿನ ಮುಖ ಊದಿಸಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ಆ ಮಹಾಶಯ ಕಾರ್ಖಾನೆಯ ಗೇಟಿಗೇ ಬಂದು, ಎಲ್ಲರೆದುರು ಅವಳ ಜುಟ್ಟು ಹಿಡಿದ. ಅವಳು ಬಗ್ಗಿ ಅವನ ಎರಡು ಪಾದ ಹಿಡಿದು ಎಳೆದಳು. ತಲೆ ಸಿಮೆಂಟಿಗೆ ಬಡಿಯಿತು. ಹಾಗೇ ಕಾಲು ಹಿಡಿದು ಬಾಗಿಲ ತನಕ ಎಳೆದೊಯ್ದು, "ಇನ್ನೊಂದು ಸಲ ಮುಟ್ಟಿದ್ರೆ ಲೈನಿಗೆ ಹಾಕ್ತೀನಿ, ಪೋಚಾಯ್ ನೇತುಹಾಕ್ತಾಳೆ" ಎಂದಳು. ನಾನು ಕೈಗವಸು ಸರಿಮಾಡಿಕೊಂಡೆ. ಆಮೇಲೆ ಅವನು ಹೊಡೆಯಲಿಲ್ಲ, ಲಿವರ್ ಕೊಳೆತು ಸತ್ತ.

ಇಂಥವಳಿಗೆ ಸೂರ್ಯನ ಹುಚ್ಚು ಹಿಡಿದದ್ದು ಮಗ ಜೈಲಿಗೆ ಹೋದ ಮೇಲೆ. ಮಗ ಮಿಂಗ್‌ಖಾಯ್, ಟಿಂಗ್‌ಗ್ವಾನ್ ಎಂಬವನ ಹತ್ತಿರ ಡ್ರೈವರ್ ಆಗಿದ್ದ. ಹಾಡಿನ ಬಾರಿನಲ್ಲಿ ಜಗಳ ಎದ್ದಾಗ ಯಜಮಾನನ ಪರವಾಗಿ ಒಬ್ಬನ ಹೊಟ್ಟೆಗೆ ಒಡೆದ ಬಾಟಲಿ ಹಾಕಿದ. ಎಂಟು ವರ್ಷ ಶಿಕ್ಷೆ. ಆರು ಕಳೆದಿತ್ತು, ಎರಡು ಉಳಿದಿತ್ತು. ಮೊದಲ ವರ್ಷ ಅವನು ಒಂದು ಕಾಗದ ಬರೆದ: ನಮ್ಮ ಕೋಣೆಯ ಕಿಟಕಿ ಪಡುವಣಕ್ಕಿದೆ, ಸೂರ್ಯ ಮುಳುಗೋದು ಮಾತ್ರ ಕಾಣುತ್ತೆ, ಹುಟ್ಟೋದು ಹೇಗಿರುತ್ತೆ ಅಂತಲೇ ಮರೆತುಹೋಗಿದೆ. ಅವಳು ಮಾರನೆಯ ದಿನದಿಂದಲೇ ಶುರುಮಾಡಿದಳು. ಕಾಲುವೆಯ ಏರಿಯ ಮೇಲೆ ಭೂಮಿದೇವರ ಪುಟ್ಟ ಗುಡಿಯಿದೆ. ಕೆಲಸಕ್ಕೆ ಹೋಗುವಾಗ ಅಲ್ಲಿ ಸ್ಕೂಟರ್ ನಿಲ್ಲಿಸಿ, ಬೆಳ್ಳುಳ್ಳಿ ಹೊಲಗಳ ಆಚೆ ಬೆಟ್ಟಸಾಲಿನ ಮೇಲೆ ಸೂರ್ಯ ಬರುವ ತನಕ ಕಾಯುವಳು. ಮಳೆಯಿರಲಿ, ಬಿರುಗಾಳಿಯ ಮುನ್ಸೂಚನೆಯಿರಲಿ, ಒಂದು ಫೋಟೋ.

ಕಾರ್ಖಾನೆಯ ಗೇಟಿನ ಎದುರು ಹಗಲೂರಾತ್ರಿ ತೆರೆದಿರುವ ಅಂಗಡಿಯಿದೆ, ಅದರೊಳಗೆ ಫೋಟೋ ಅಚ್ಚುಹಾಕುವ ಯಂತ್ರ. ಅಲ್ಲಿ ಆ ದಿನದ್ದನ್ನು ಆ ದಿನವೇ ಅಚ್ಚುಹಾಕಿಸುವಳು, ಮೂಲೆಯಲ್ಲಿ ತಾರೀಕು ಮತ್ತು ಗಂಟೆ ಮೂಡುವಂತೆ. ಮಗನ ಅಪ್ಪಣೆ ಹಾಗಿತ್ತು: "ಹೂವು ಗೀವು ಬೇಡಮ್ಮ, ಬರೀ ಸೂರ್ಯ. ಯಾವತ್ತಿಂದು ಅಂತ ಗೊತ್ತಾದ್ರೆ ಸಾಕು." ಪ್ರಿಂಟು ಅವಳ ಲಾಕರಿನಲ್ಲಿದ್ದ ಲಕೋಟೆಗೆ ಹೋಗುತ್ತಿತ್ತು, ಶನಿವಾರ ಏಳೂ ಸೇರಿ ಅಂಚೆಗೆ.

ಅದಾದ ಮೇಲೆ ಊರಿನವರ ಪಾಲು. ಸೋಯಾ ಹಾಲು ಕುಡಿಯುತ್ತಾ ಅದೇ ಫೋಟೋದ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 'ಗೌಚಾ' ಎಂದು ಬರೆದು, ಬಲಗಡೆ ಮೇಲೆ ಒಂದು ಗುಲಾಬಿ ಕಮಲ ಅಂಟಿಸಿ ನಮ್ಮೂರ ಗುಡಿಯವರ ಫೋನ್ ಗ್ರೂಪಿಗೆ ಕಳಿಸುವಳು. ಗೌಚಾ ಎಂದರೆ ನಮ್ಮ ಬೆಳಗಿನ ನಮಸ್ಕಾರ. ಅಕ್ಷರಕ್ಕಕ್ಷರ ಹೇಳಿದರೆ 'ಬೇಗ ಎದ್ದ ಜಾಣ' ಎಂದಾಗುತ್ತದೆ. ನಮ್ಮೂರಲ್ಲಿ ಐವತ್ತು ದಾಟಿದವರೆಲ್ಲರೂ ಇಂಥ ಚಿತ್ರ ಕಳಿಸುವವರೇ. ಆದರೆ ಮಿಕ್ಕವರದು ಎಲ್ಲಿಂದಲೋ ಎತ್ತಿದ ಚಿತ್ರ, ಅವಳದು ನಮ್ಮದೇ ಏರಿಯ ಸೂರ್ಯ. ನೂರ ನಲವತ್ತಮೂರು ಜನ ಅದಕ್ಕಾಗಿ ಕಾಯುತ್ತಿದ್ದರು. ಕಳಿಸಿದ ಮೇಲೆ ಮೂಲ ಚಿತ್ರವನ್ನು ಅಳಿಸಿಬಿಡುತ್ತಿದ್ದಳು, ಯಾಕೆಂದರೆ ಫೋನು ಹಳೆಯದು, ಅದರ ಹೊಟ್ಟೆ ಚಿಕ್ಕದು.

ಟಿಂಗ್‌ಗ್ವಾನ್ ಕೂಡ ಆ ನೂರ ನಲವತ್ತಮೂರರಲ್ಲಿ ಒಬ್ಬ. ರೌಡಿಗೆ ನಮ್ಮಲ್ಲಿ ಹಾವುಮೀನು ಎನ್ನುತ್ತೇವೆ. ಹಿಡಿದರೆ ಜಾರುತ್ತದೆ, ಕೆಸರಿನಲ್ಲೇ ಕೊಬ್ಬುತ್ತದೆ. ಈ ಹಾವುಮೀನು ಪಟ್ಟಣದ ಕಾರ್ಖಾನೆಗಳ ಕರಿ ರೊಚ್ಚನ್ನು ಲಾರಿಯಲ್ಲಿ ತಂದು, ನಮ್ಮ ಪಾಳುಬಿದ್ದ ಮೀನಿನ ಹೊಂಡಗಳಿಗೆ ಸುರಿದು ಮೇಲೆ ಮಣ್ಣು ಮುಚ್ಚುತ್ತಿತ್ತು. ಜೊತೆಗೆ ಊರ ದೇವಿಯ ಹುಟ್ಟುಹಬ್ಬಕ್ಕೆ ನಲವತ್ತು ಮೇಜಿನ ಊಟ ಹಾಕಿಸುತ್ತಿತ್ತು. ಊಟ ಉಂಡವರ ಬಾಯಿ ತಿನ್ನುವುದಕ್ಕೆ ಮಾತ್ರ ತೆರೆಯುತ್ತದೆ. ನಾನೂ ಉಂಡಿದ್ದೇನೆ, ಸೀಗಡಿ ಚೆನ್ನಾಗಿತ್ತು.

ಉಣ್ಣದವನು ಚುಯ್‌ಲಾಯ್ ಮಾವ ಒಬ್ಬನೇ. ರೊಚ್ಚಿನ ನೀರು ಅವನ ಬೆಳ್ಳುಳ್ಳಿ ಹೊಲಕ್ಕೆ ಇಳಿದು ಮೂರು ಸಾಲು ಕಪ್ಪಾಗಿ ಕೊಳೆತಿದ್ದವು. ಎಪ್ಪತ್ತೇಳರ ಮುದುಕ ಒಂದು ಸ್ಟೂಲು ಹಾಕಿಕೊಂಡು ಏರಿಯ ದಾರಿಯಲ್ಲೇ ಕೂತ, ತೊಡೆಯ ಮೇಲೆ ಗುದ್ದಲಿ. ಅದರ ಕಾವಿಗೆ ಗುಡಿಯ ಕೆಂಪು ಬಟ್ಟೆ ಕಟ್ಟಿದ್ದ. ಒಂದು ತಿಂಗಳು ಲಾರಿಗಳು ಅವನನ್ನು ಕಂಡು ಹಿಂದಕ್ಕೆ ಹೋದವು. "ಮಾವ, ಹೊಡೀತಾರೆ" ಎಂದು ಬೊಂಗ್‌ಚಿ ಹೇಳಿದಾಗ ಅವನು ನಕ್ಕನಂತೆ. "ನಿಮ್ಮಪ್ಪನೂ ಹೊಡೀತೀನಿ ಅಂತಿದ್ದ ಕಣೇ" ಎಂದನಂತೆ.

ಜನವರಿಯ ಒಂದು ಗುರುವಾರ. ಬೊಂಗ್‌ಚಿ ಏರಿಗೆ ಬಂದಾಗ ಮಾವನ ಸ್ಟೂಲು ಖಾಲಿಯಿತ್ತು. ಗುಡಿಯ ಪಕ್ಕ ಒಂದು ಬಿಳಿ ಕಾರು ನಿಂತಿತ್ತು, ಡಿಕ್ಕಿ ತೆರೆದಿತ್ತು. ಯಾರೋ ಮೀನು ಹಿಡಿಯಲು ಬಂದವರು ಎಂದುಕೊಂಡಳು. ಕೆಳಗೆ ಪಂಪಿನ ಮನೆಯ ಹಿಂದಿನಿಂದ ದಬ್ ದಬ್ ಎಂದು ಸದ್ದು ಬರುತ್ತಿತ್ತು. ಪಂಪು ಕೆಟ್ಟಿದೆ ಎಂದುಕೊಂಡಳು. ಸೂರ್ಯ ಬೆಟ್ಟದ ಮೇಲೆ ಮೊಟ್ಟೆಯ ಹಳದಿಯಂತೆ ಎದ್ದ, ಫೋಟೋ ತೆಗೆದಳು, ಚಳಿಗಾಳಿಗೆ ಮೂಗು ಒರೆಸಿಕೊಂಡು ಹೊರಟಳು. ಅಂಗಡಿಯಲ್ಲಿ ಅಚ್ಚುಹಾಕಿಸಿದಳು. ಆಮೇಲೆ ನೋಡಿದರೆ ಎಡಗಡೆ ಕೆಳಗೆ ಆ ಕಾರು ಅಡ್ಡಬಂದು ಅಂದ ಕೆಡಿಸಿತ್ತು. ಅದಕ್ಕೆ ಆ ದಿನ ಕಮಲವನ್ನು ಕಾರಿನ ಮೇಲೆ ಅಂಟಿಸಿ ಗ್ರೂಪಿಗೆ ಕಳಿಸಿದಳು.

ನಾನು ಮೇಲಂಗಿ ತೊಡುತ್ತಾ ಅದನ್ನು ನೋಡಿದೆ. ನನ್ನ ಹಾಳು ಬೆರಳು ಸುಮ್ಮನಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಬರೆದೆ: "ಏನಕ್ಕಾ, ಇವತ್ತು ಕಮಲ ಜಾರಿ ಕೆಳಗೆ ಬಿದ್ದಿದೆ? ಅದರ ಹಿಂದೆ ಯಾರನ್ನ ಬಚ್ಚಿಟ್ಟಿದೀಯ, ಹೊಸ ಗಂಡನ್ನಾ?" ಹನ್ನೆರಡು ಜನ ನಗುವ ಮುಖ ಹಾಕಿದರು. ನನಗೆ ಹೆಮ್ಮೆಯೂ ಆಯಿತು.

ಹತ್ತು ಗಂಟೆಗೆ ಸುದ್ದಿ ಬಂತು. ಕಾಲುವೆಯ ತೂಬಿನ ಬಾಯಲ್ಲಿ ಚುಯ್‌ಲಾಯ್ ಮಾವ ಸಿಕ್ಕಿಕೊಂಡಿದ್ದ. ತಲೆಬುರುಡೆ ಹಿಂದೆ ಒಡೆದಿತ್ತು, ಎರಡು ಮೊಣಕಾಲೂ ಪುಡಿಯಾಗಿದ್ದವು, ಗುದ್ದಲಿ ಕಾಣೆಯಾಗಿತ್ತು. ಫೋರ್‌ಮನ್ ಬಂದು ಹೇಳುವಾಗಲೂ ಲೈನು ನಿಲ್ಲಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬೊಂಗ್‌ಚಿಯ ಕೈ ತಪ್ಪಿತು. ಅರ್ಧ ಕೊಯ್ದ ಬಾತು ಕೊಕ್ಕೆಯಲ್ಲಿ ಒದ್ದಾಡುತ್ತಾ ಮುಂದೆ ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

"ಪಂಪಲ್ಲ ಅದು" ಎಂದಳು. ಆಮೇಲೆ ನನ್ನತ್ತ ತಿರುಗಿ, "ನೀನು ಬರೆದಿದ್ದನ್ನ ಅಳಿಸು. ಈಗಲೇ" ಎಂದಳು.

ರಕ್ತದ ಕೈಯಲ್ಲೇ ಅಳಿಸಿದೆ. ಅಳಿಸಿದರೆ ಏನಾಗುತ್ತದೆ ಗೊತ್ತಲ್ಲ, 'ಪೋಚಾಯ್ ತಮ್ಮ ಸಂದೇಶವನ್ನು ಹಿಂತೆಗೆದುಕೊಂಡಿದ್ದಾರೆ' ಎಂದು ಇಡೀ ಊರಿಗೆ ಡಂಗುರ ಹೊಡೆಯುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಗಲೇ ತೊಂಬತ್ತು ಜನ ಓದಿ ಆಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಪೊಲೀಸಿಗೆ ಹೇಳೋಣ ಅಕ್ಕಾ" ಎಂದೆ ಊಟದ ಹೊತ್ತಿಗೆ, ಕಾರು, ಸದ್ದು ಎಲ್ಲವನ್ನೂ ಅವಳು ಹೇಳಿದ ಮೇಲೆ.

"ಯಾವ ಪೊಲೀಸು? ಅವನ ಮನೇಲಿ ಚಾ ಕುಡಿಯೋನಿಗಾ? ಮಿಂಗ್‌ಖಾಯ್ ಇರೋ ಜೈಲಲ್ಲಿ ಟಿಂಗ್‌ಗ್ವಾನ್ ಕಡೆಯೋರು ಆರು ಜನ ಇದಾರೆ. ಮೊದಲು ನಾನು ಮಗನ ಹತ್ರ ಮಾತಾಡ್ಬೇಕು."

ಪ್ರಿಂಟು ಲಾಕರಿನ ಲಕೋಟೆಯಲ್ಲಿ ಹಾಗೇ ಇತ್ತು. ಆ ಕಾರಿನ ನಂಬರು ಇದ್ದದ್ದು ಪ್ರಪಂಚದಲ್ಲಿ ಅದೊಂದೇ ಕಡೆ.

ಶುಕ್ರವಾರ ಬೆಳಿಗ್ಗೆ ಅವಳು ಮತ್ತೆ ಏರಿಗೆ ಹೋದಳು. ಹೋಗಬೇಡ ಎಂದಿದ್ದೆ. "ಹೋಗ್ದೇ ಇದ್ರೆ ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗುತ್ತೆ" ಎಂದಳು. ಅವನಿಗೆ ಆಗಲೇ ಗೊತ್ತಿತ್ತು. ಸೂರ್ಯ ಇನ್ನೂ ಬಂದಿರಲಿಲ್ಲ, ಟಿಂಗ್‌ಗ್ವಾನ್ ಮಾವನ ಸ್ಟೂಲಿನ ಮೇಲೆ ಕೂತು ಅಡಿಕೆ ಅಗಿಯುತ್ತಿದ್ದ, ಅವನ ಹಿಂದೆ ಇಬ್ಬರು.

"ಗೌಚಾ ಅಕ್ಕ" ಎಂದ. "ನೀನು ಬೇಗ ಏಳ್ತೀಯ. ತುಂಬಾ ಜಾಣೆ. ನಿನ್ನೆ ಕಮಲದ ಹಿಂದೆ ಏನಿತ್ತು?"

"ಏನೂ ಇರ್ಲಿಲ್ಲ. ಕಸ ಇತ್ತು."

"ಕಸಾನೇ" ಎಂದು ಅವನು ಎದ್ದ.

ಮೊದಲ ಏಟು ಬಾಯಿಗೆ. ಮುಂದಿನ ಮೂರು ಹಲ್ಲು ಒಟ್ಟಿಗೇ ಹೋದವು. ಬೊಂಗ್‌ಚಿ ಬಿದ್ದವಳು ಬಿದ್ದಲ್ಲಿಂದಲೇ ಹೆಲ್ಮೆಟ್ಟಿನ ಪಟ್ಟಿ ಹಿಡಿದು ಬೀಸಿದಳು. ಅವನ ಮೂಗಿನ ಮೂಳೆ ಮುರಿದ ಸದ್ದು ತನಗೆ ಚೆನ್ನಾಗಿ ಕೇಳಿತು ಎಂದು ಆಮೇಲೆ ನನಗೆ ಹೇಳಿದಳು, ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆಮೇಲೆ ಮೂವರೂ ಮೇಲೆ ಬಿದ್ದರು. ಎಡಗೈಯನ್ನು ಬೆನ್ನ ಹಿಂದೆ ತಿರುಚಿ ಭುಜದ ಕೀಲು ತಪ್ಪಿಸಿದರು. ಪಕ್ಕೆಗೆ ಒದ್ದರು. ಬಲಗೈಯನ್ನು ಗುಡಿಯ ಕಲ್ಲುಮೆಟ್ಟಿಲ ಮೇಲೆ ಹರಡಿ ಹಿಡಿದು, ಟಿಂಗ್‌ಗ್ವಾನ್ ಇಟ್ಟಿಗೆಯಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ಪ್ರತಿ ಬೆರಳಿಗೂ ಒಂದೇ ಪ್ರಶ್ನೆ: "ಇನ್ನೆಲ್ಲಿದೆ?" ಪ್ರತಿ ಬೆರಳಿಗೂ ಒಂದೇ ಉತ್ತರ: "ಅಳಿಸಿದೀನಿ." ಶನಿವಾರ ಅಂಚೆಗೆ ಹಾಕುವುದು ಊರಿಗೆಲ್ಲ ಗೊತ್ತಿತ್ತು, ಅಚ್ಚೂ ಶನಿವಾರವೇ ಹಾಕಿಸುತ್ತಾಳೆ ಎಂದು ಅವರು ನಂಬಿದ್ದರು. ಫೋನನ್ನು ಕಲ್ಲಿನ ಮೇಲೆ ಪುಡಿಮಾಡಿ ಕಾಲುವೆಗೆ ಎಸೆದು ಹೋದರು. ಅಷ್ಟರಲ್ಲಿ ಸೂರ್ಯ ಬಂದಿದ್ದ. ಆರು ವರ್ಷದಲ್ಲಿ ಅವಳು ಫೋಟೋ ತೆಗೆಯದ ಮೊದಲ ದಿನ ಅದು.

ಈಗ ನನ್ನ ಎರಡನೆಯ ಘನಕಾರ್ಯ. ಶನಿವಾರ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಅವಳಿಗಾಗಿ ಏನಾದರೂ ಮಾಡಬೇಕು ಎನ್ನಿಸುತ್ತಿತ್ತು. ಅವಳ ಲಾಕರಿನ ಇನ್ನೊಂದು ಕೀಲಿ ನನ್ನ ಹತ್ತಿರವೇ ಇತ್ತು. ತೆರೆದೆ. ಲಕೋಟೆ, ಅದರ ಮೇಲೆ ವಿಳಾಸ. ತಾಯಿಯಿಂದ ಕಾಗದ ಬರದಿದ್ದರೆ ಆ ಮಗ ಎಷ್ಟು ಕಂಗಾಲಾಗುತ್ತಾನೋ ಎಂದುಕೊಂಡೆ. ಗುರುವಾರದ ಪ್ರಿಂಟು ಅದರಲ್ಲೇ ಇದೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಅಂಟಿಸಿ ಅಂಚೆಗೆ ಹಾಕಿದೆ. ಭಾನುವಾರ ಆಸ್ಪತ್ರೆಗೆ ಹೋಗಿ, ಬೆನ್ನು ತಟ್ಟಿಸಿಕೊಳ್ಳುವವಳ ಹಾಗೆ ಹೇಳಿದೆ.

ಬೊಂಗ್‌ಚಿ ಕಣ್ಣು ಮುಚ್ಚಿಕೊಂಡಳು. ಬಲಗೈ ಮೊಣಕೈ ತನಕ ಪ್ಲಾಸ್ಟರಿನಲ್ಲಿತ್ತು, ಎಡಗೈ ಎದೆಗೆ ಕಟ್ಟಿತ್ತು.

"ನಿನ್ನ ಬಾಯಿಗೆ ಬುದ್ಧಿ ಇಲ್ಲ ಅಂತ ಗೊತ್ತಿತ್ತು" ಎಂದಳು. "ಕೈಗೂ ಇಲ್ವಲ್ಲೇ. ಅದು ಇರ್ಬಾರ್ದಾಗಿದ್ದ ಜಾಗ ಒಂದೇ ಒಂದು. ಅಲ್ಲಿಗೇ ಕಳಿಸಿದೀಯ."

ನಾನು ಅತ್ತೆ. ಅಳುತ್ತಿರುವಾಗಲೇ ಟಿಂಗ್‌ಗ್ವಾನ್ ಒಳಗೆ ಬಂದ. ಮೂಗಿಗೆ ಅಡ್ಡಪಟ್ಟಿ, ಕೈಯಲ್ಲಿ ಹಣ್ಣಿನ ಬುಟ್ಟಿ.

"ಗೌಚಾ ಅಕ್ಕ. ಪರಂಗಿ ತಂದಿದೀನಿ. ಹಲ್ಲಿಲ್ಲ ಅಂದ್ರು, ಮೆತ್ತಗಿರೋದೇ ಆರಿಸ್ದೆ."

"ಮೂಗಿಗೇನಾಯ್ತು?"

"ಬಚ್ಚಲಲ್ಲಿ ಜಾರಿದೆ."

"ನೋಡ್ಕೊಂಡು ಹೋಗು. ಮತ್ತೆ ಜಾರ್ತೀಯ."

ಅವನು ನಗಲಿಲ್ಲ. ಬುಟ್ಟಿಯನ್ನು ಅವಳ ಪ್ಲಾಸ್ಟರಿನ ಕೈಯ ಮೇಲೇ ಇಟ್ಟು, ನಿಧಾನವಾಗಿ ಭಾರ ಬಿಟ್ಟ. "ಮಿಂಗ್‌ಖಾಯ್‌ಗೆ ಇನ್ನೆರಡು ವರ್ಷ ಅಲ್ವಾ? ಒಳಗೆ ನಮ್ಮ ಹುಡುಗ್ರಿದಾರೆ, ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳಿದೀನಿ. ನೀನೂ ನೋಡ್ಕೊಂಡ್ ಮಾತಾಡು." ಹೋಗುವಾಗ ನನ್ನ ಕೆನ್ನೆ ತಟ್ಟಿದ. ಆ ಜಾಗವನ್ನು ನಾನು ಮನೆಗೆ ಹೋಗಿ ಮೂರು ಸಲ ಸೋಪು ಹಾಕಿ ತೊಳೆದೆ.

ಸೋಮವಾರ ಪಟ್ಟಣದಿಂದ ಬೇರೆ ಇನ್ಸ್‌ಪೆಕ್ಟರ್ ಒಬ್ಬ ಬಂದ, ನಮ್ಮೂರಿನ ಚಾ ಕುಡಿಯದವನು. ಟಿಂಗ್‌ಗ್ವಾನ್ ಗುರುವಾರ ಬೆಳಿಗ್ಗೆ ನೂರು ಮೈಲಿ ದೂರದಲ್ಲಿದ್ದೆ ಎಂದು ನಾಲ್ಕು ಸಾಕ್ಷಿ ಕೊಟ್ಟಿದ್ದಾನೆ, ಕಮಲವಿಲ್ಲದ ಫೋಟೋ ಬೇಕು ಎಂದ. ಅಳಿಸಿದೀನಿ ಎಂದಳು. ಪ್ರಿಂಟು? ಇಲ್ಲ ಎಂದಳು. ಅವನು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ, "ಮಾವ ನಿಂಗೆ ಜೀವ ಕೊಟ್ಟೋರಲ್ವಾ ಅಕ್ಕಾ?"

"ಹೌದು. ನನ್ನ ಜೀವ ಕೇಳಿದ್ರೆ ಈಗಲೇ ಕೊಡ್ತೀನಿ. ಮಗಂದು ಕೊಡಲ್ಲ. ಅದು ನಂದಲ್ಲ ಕೊಡೋಕೆ."

ಬುಧವಾರ ಜೈಲಿಗೆ ಹೊರಟೆವು. ಪ್ರಿಂಟನ್ನು ಹರಿದು ಹಾಕು ಎಂದು ಮಗನಿಗೆ ಹೇಳುವುದು, ಅಷ್ಟೇ ಕೆಲಸ. ಅಲ್ಲಿ ಭೇಟಿಯೆಂದರೆ ನಡುವೆ ದಪ್ಪ ಗಾಜು, ಆಚೆ ಈಚೆ ಒಂದೊಂದು ಟೆಲಿಫೋನು. ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಅವಳ ಎರಡು ಕೈಯೂ ಕೆಲಸಕ್ಕೆ ಬಾರದ್ದರಿಂದ ರಿಸೀವರನ್ನು ನಾನು ಅವಳ ಕಿವಿಗೆ ಹಿಡಿದೆ, ನನ್ನ ಕಿವಿಯನ್ನೂ ಹತ್ತಿರ ಇಟ್ಟೆ. ಆಚೆ ಬಂದು ಕೂತ ಮಿಂಗ್‌ಖಾಯ್ ತಾಯಿಯನ್ನು ನೋಡಿ ಬಿಳಿಚಿಕೊಂಡ.

"ಕೈಗೇನಾಯ್ತಮ್ಮ?"

"ಸ್ಕೂಟರಿಂದ ಬಿದ್ದೆ."

"ಮುಖ?"

"ಮುಖಾನೂ ಜೊತೇಲೇ ಬಿತ್ತು. ಅದಿರ್ಲಿ. ಗುರುವಾರದ ಫೋಟೋ ಚೆನ್ನಾಗಿ ಬಂದಿಲ್ಲ. ಹರಿದ್ಹಾಕು."

ಅವನು ಅಂಗಿಯ ಜೇಬನ್ನು ಮುಟ್ಟಿಕೊಂಡ. "ಚುಯ್‌ಲಾಯ್ ಅಜ್ಜ ಸತ್ತಿದ್ದು ಗುರುವಾರ ಅಂತ ಪೇಪರಲ್ಲಿ ಬಂದಿತ್ತು."

"ನಾನೇನು ಹೇಳ್ದೆ?"

"ಆ ಕಾರನ್ನ ಎರಡು ವರ್ಷ ದಿನಾ ತೊಳ್ದಿದೀನಮ್ಮ. ನಂಗೆ ಗೊತ್ತಾಗಲ್ವಾ? ನಿನ್ನ ಬೆರಳು ಯಾಕೆ ಹೀಗಾಗಿದೆ ಅಂತ ಗೊತ್ತಾಗಲ್ವಾ?"

"ಬಾಯ್ಮುಚ್ಚೋ."

ಅವನು ಅಂಗಿಯ ಜೇಬಿನಿಂದ ಪ್ರಿಂಟನ್ನು ತೆಗೆದ. ತಂದೇ ಇದ್ದ. ನೆಟ್ಟಗೆ ಕೂತು, ಶಾಲೆಯಲ್ಲಿ ಪಾಠ ಓದುವವನಂತೆ ಬಿಡಿಸಿ ಬಿಡಿಸಿ ಓದಲು ಶುರುಮಾಡಿದ. ತಾರೀಕು ಓದಿದ. ಬೆಳಿಗ್ಗೆ ಆರು ಐವತ್ತೇಳು ಎಂದು ಓದಿದ. ಭೂಮಿದೇವರ ಗುಡಿಯ ಪಕ್ಕ ಬಿಳಿ ಕಾರು, ಡಿಕ್ಕಿ ತೆರೆದಿದೆ, ಒಳಗೆ ಗುದ್ದಲಿ, ಕಾವಿಗೆ ಕೆಂಪು ಬಟ್ಟೆ ಎಂದ.

ಬೊಂಗ್‌ಚಿ ಪ್ಲಾಸ್ಟರಿನ ಕೈಯಿಂದ ಗಾಜಿಗೆ ಹೊಡೆಯತೊಡಗಿದಳು. ಹೊಡೆದಳು, ಹೊಡೆದಳು, ಪ್ಲಾಸ್ಟರು ಬಿರಿದು ಚೂರು ಬಿತ್ತು, ಒಳಗಿನ ಬಟ್ಟೆಯಲ್ಲಿ ರಕ್ತ ಇಣುಕಿತು. ಹಿಂದಿನಿಂದ ಕಾವಲಿನವನು ಓಡಿಬಂದು ಅವಳ ಸೊಂಟ ಹಿಡಿದ. ಅವಳು ನನ್ನ ಕಡೆ ತಿರುಗಿ ಕಿರುಚಿದಳು.

"ಫೋನಿಡೇ. ಇಡೇ ಮುಂಡೆ, ಅದನ್ನ ಇಡು."

ಇಟ್ಟಿದ್ದರೆ ಮುಗಿಯುತ್ತಿತ್ತು. ಸಂಪರ್ಕ ಕಡಿದುಹೋಗುತ್ತಿತ್ತು, ನಂಬರು ಗಾಜಿನ ಆಚೆಯೇ ಉಳಿಯುತ್ತಿತ್ತು, ಅವನು ಎರಡು ವರ್ಷ ಕಳೆದು ಮನೆಗೆ ಬರುತ್ತಿದ್ದ. ರಿಸೀವರು ನನ್ನ ಕೈಯಲ್ಲಿತ್ತು. ಏರಿಯ ಮೇಲಿನ ಖಾಲಿ ಸ್ಟೂಲು ನನ್ನ ಕಣ್ಣ ಮುಂದೆ ಬಂತು. ನನ್ನ ಕೆನ್ನೆ ತಟ್ಟಿದ ಆ ಕೈ ಬಂತು. ನಾನು ಇಡಲಿಲ್ಲ. ಮಿಂಗ್‌ಖಾಯ್ ಮೂರು ಅಕ್ಷರ, ನಾಲ್ಕು ಅಂಕಿ, ನಂಬರನ್ನು ಪೂರ್ತಿ ಓದಿದ, ಎರಡು ಸಲ ಓದಿದ. ಆಮೇಲೆ ತಾಯಿಗೆ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವನನ್ನು ಎಬ್ಬಿಸಿಕೊಂಡು ಹೋದರು.

ಆ ರೆಕಾರ್ಡು ಇನ್ಸ್‌ಪೆಕ್ಟರನ ಕೈಸೇರಿ, ಟಿಂಗ್‌ಗ್ವಾನ್ ಅಂದೇ ಸಂಜೆ ಸಿಕ್ಕಿಬಿದ್ದ. ಡಿಕ್ಕಿಯ ಚಾಪೆಯ ಕೆಳಗೆ ಕೆಂಪು ಬಟ್ಟೆಯ ಒಂದು ಎಳೆ ಸಿಕ್ಕಿತು, ಮಾವನ ರಕ್ತ ಸಿಕ್ಕಿತು, ಸಾಕ್ಷಿ ಹೇಳಿದ ನಾಲ್ವರಲ್ಲಿ ಮೂವರು ತಿರುಗಿಬಿದ್ದರು. ಮಿಂಗ್‌ಖಾಯ್‌ನನ್ನು ಬೇರೆ ಕೋಣೆಗೆ ಹಾಕಿದ್ದೇವೆ, ಹೆದರಬೇಡಿ ಎಂದು ಇನ್ಸ್‌ಪೆಕ್ಟರ್ ಹೇಳಿದ. ಹದಿನೆಂಟು ದಿನದ ಮೇಲೆ, ಜೈಲಿನ ಮರಗೆಲಸದ ಶೆಡ್ಡಿನಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಮಸೆದು ಚೂಪು ಮಾಡಿದ್ದವನೊಬ್ಬ ಅದನ್ನು ಮಿಂಗ್‌ಖಾಯ್‌ನ ಎಡಗಣ್ಣಿಗೆ ಇಳಿಸಿದ. ಜೀವ ಉಳಿಯಿತು. ಕಣ್ಣು ಹೋಯಿತು. ಇನ್ನೊಂದು ಕಣ್ಣೂ ಮಸುಕಾಯಿತು.

ಬೊಂಗ್‌ಚಿ ನನ್ನ ಜೊತೆ ಮಾತು ಬಿಟ್ಟಳು. ಬಲಗೈ ಬೆರಳು ಮಡಚದಾದವು, ಎಡಗೈಯಲ್ಲಿ ಕತ್ತಿ ಹಿಡಿಯುವುದನ್ನು ಕಲಿತು ಮತ್ತೆ ಲೈನಿಗೆ ಬಂದಳು. ಮೂರು ತಿಂಗಳು ನಾನು ನೇತುಹಾಕಿದೆ, ಅವಳು ಕೊಯ್ದಳು, ನಡುವೆ ಒಂದು ಮಾತಿಲ್ಲ. ಆ ಕತ್ತಿ ಎಷ್ಟೋ ಸಲ ನನ್ನ ಮಣಿಕಟ್ಟಿನ ಬೆರಳಗಲ ಆಚೆಯಲ್ಲೇ ಹಾದುಹೋಯಿತು. ಒಂದು ದಿನ ತಾಗಲಿ ಎಂದೂ ನಾನು ಬಯಸಿದ್ದುಂಟು.

ಬೆಳಗಿನ ಫೋಟೋ ಮಾತ್ರ ಬಿಡಲಿಲ್ಲ. ಹೊಸ ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತುವಳು, ಅಕ್ಷರ ಹಾಕಲಾಗದೆ ಬರಿದಾಗಿಯೇ ಕಳಿಸುವಳು. ಗ್ರೂಪಿನಲ್ಲಿ ಅದರ ಕೆಳಗೆ 'ಓದಿದವರು 142' ಎಂದು ಮೂಡುತ್ತಿತ್ತು. ಉತ್ತರ ಒಂದೂ ಇಲ್ಲ. ನಲವತ್ತು ಮೇಜಿನ ಊಟ ನಿಂತುಹೋದ ಸಿಟ್ಟು ಕೆಲವರಿಗೆ, ಟಿಂಗ್‌ಗ್ವಾನ್‌ನ ತಮ್ಮಂದಿರ ಹೆದರಿಕೆ ಮಿಕ್ಕವರಿಗೆ. ಥೂ, ನಮ್ಮ ಊರೇ. ಆದರೆ ನಾನು ಯಾರಿಗೆ ಥೂ ಎನ್ನಲಿ, ನಾನೂ ಬರೆಯಲಿಲ್ಲ. ಬರೆದು ಬರೆದೇ ಮನೆಹಾಳು ಮಾಡಿದ್ದ ಬೆರಳು ಆಗ ಏಳಲಿಲ್ಲ.

ಜೂನ್‌ನಲ್ಲಿ ಒಂದು ಸಂಜೆ ಅವಳು ನನ್ನ ಲಾಕರಿಗೆ ಒಂದು ಕಾಗದ ಸಿಕ್ಕಿಸಿ ಹೋದಳು. ಮಿಂಗ್‌ಖಾಯ್‌ನ ಬರಹ, ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. "ಅಮ್ಮ, ಇನ್ಮೇಲೆ ಬರೀ ಸೂರ್ಯ ಕಳಿಸ್ಬೇಡ. ಚಿಕ್ಕದು ಕಾಣಿಸಲ್ಲ. ಅಕ್ಷರ ಹಾಕೇ ಕಳಿಸು, ಎಷ್ಟಾಗುತ್ತೋ ಅಷ್ಟು ದಪ್ಪಗೆ. ಅಕ್ಷರ ಕಂಡ್ರೆ ಅದರ ಹಿಂದೆ ಸೂರ್ಯ ಇದಾನೆ ಅಂತ ನಂಗೆ ಗೊತ್ತಾಗುತ್ತೆ."

ಮಾರನೆಯ ಬೆಳಿಗ್ಗೆ ನಾನು ಏರಿಗೆ ಹೋದೆ. ಯಾರೂ ಕರೆದಿರಲಿಲ್ಲ. ಗುಡಿಯ ಪಕ್ಕ ಮಾವನ ಸ್ಟೂಲನ್ನು ಯಾರೋ ತೊಳೆದು ಇಟ್ಟಿದ್ದರು. ಅವಳು ನನ್ನನ್ನು ನೋಡಿಯೂ ನೋಡದವಳಂತೆ ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದಳು. ಸೂರ್ಯ ಬಂದ. ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಫೋನನ್ನು ನನ್ನ ಕಡೆ ಚಾಚಿದಳು.

"ನನ್ನ ಬೆರಳು ಬಗ್ಗಲ್ಲ. ಅಕ್ಷರ ಹಾಕು. ದಪ್ಪಗೆ."

ಗೌಚಾ ಎಂದು ಕೆಂಪು ಬಣ್ಣದಲ್ಲಿ, ಆಕಾಶ ತುಂಬುವಷ್ಟು ದೊಡ್ಡದಾಗಿ ಹಾಕಿದೆ. ಕಮಲ ತೆಗೆದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎಲ್ಲಿಡ್ಲಿ ಅಕ್ಕಾ?"

"ಮೇಲೆ. ಕೆಳಗೆ ಏನನ್ನೂ ಮುಚ್ಚಬೇಡ."

ಬಲಗಡೆ ಮೇಲೆ ಅಂಟಿಸಿ ಕಳಿಸಿದೆ. ಇಬ್ಬರೂ ಫೋನನ್ನೇ ನೋಡುತ್ತಾ ನಿಂತೆವು. ಓದಿದವರು ಇಪ್ಪತ್ತು, ನಲವತ್ತು, ಎಪ್ಪತ್ತು. ಯಾರೂ ಏನೂ ಬರೆಯಲಿಲ್ಲ. ನಾನು ನನ್ನ ಫೋನು ತೆಗೆದು ಗ್ರೂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದೆ: ಗೌಚಾ, ಬೊಂಗ್‌ಚಿ ಅಕ್ಕ.

ಅವಳು ಅದನ್ನು ಓದಿದಳು. ಮುಂದಿನ ಹಲ್ಲಿಲ್ಲದ ಬಾಯನ್ನು ಅತ್ತಿತ್ತ ಆಡಿಸಿದಳು.

"ಪಕ್ಕದಲ್ಲೇ ನಿಂತಿದೀನಲ್ಲೇ" ಎಂದಳು. "ಬಾಯಲ್ಲಿ ಹೇಳೋಕೇನು ರೋಗ ನಿಂಗೆ?"

ನಾನು ಫೋನನ್ನು ಜೇಬಿಗೆ ಹಾಕಿದೆ. ಅವಳು ಎಡಗೈಯಲ್ಲಿ ಹೆಲ್ಮೆಟ್ಟು ಎತ್ತಿ ನನ್ನ ತಲೆಗೆ ಹಾಕಿ, ಪಟ್ಟಿಯನ್ನು ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ ಎಳೆದಳು. ಆಮೇಲೆ ಸ್ಕೂಟರಿನ ಹಿಂದೆ ಹತ್ತಿ ಕೂತಳು. ಕೆಲಸಕ್ಕೆ ಹೊತ್ತಾಗಿತ್ತು, ನಾನು ಓಡಿಸಿದೆ.